ತೋಟಿಗೆ ಒಂದು ಗಂಡು

(ತಾಲ್ಲೂಕು ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕವಿತೆ ಓದಿ ಅಂತ ಕರೆದಿದ್ದರು. ಕವಿತೆ ಇನ್ನೊಂದು ದಿನ ಓದೋಣ. ಇವತ್ತು ನಾವು ಒಬ್ಬ ಮನುಷ್ಯನನ್ನು ಹುಡುಕುತ್ತಾ ಇರುವ ವಿಚಾರ ಹೇಳ್ತೀವಿ. ನಾವು ಅಂದರೆ ಒಂದೇ ತಾತನ ಮೊಮ್ಮಕ್ಕಳು ನಾಲ್ಕು ಜನ, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಎಲ್ಲರೂ ಕಾಲೇಜು ಮೆಟ್ಟಿಲು ಹತ್ತಿದವರು. ಈಗ ಮಾತಾಡುತ್ತಿರುವ ಬಾಯಿ ಒಂದು, ಅಲೆದ ಕಾಲು ಎಂಟು. ಅದಕ್ಕೇ 'ನಾವು' ಅಂತಲೇ ಹೇಳ್ತೀವಿ.

ಹುಡುಕುತ್ತಿರುವುದು ನಮ್ಮ ಮುತ್ತಾತನನ್ನು, ಅಂದರೆ ತಾತನನ್ನು ಹುಟ್ಟಿಸಿದ ಅಪ್ಪನನ್ನು. ಅವನು ನಮ್ಮೂರಿನ ತೋಟಿ. ಅವನ ಹೆಸರನ್ನು ಈ ಹಾಳೆಯಲ್ಲಿ ಹಾಕುವುದಿಲ್ಲ. ಕಚೇರಿಯಲ್ಲಿ ಫೈಲು ನಡೀತಾ ಇದೆ, ಊರಲ್ಲಿ ಕಿವಿಗಳು ಬಹಳ. ಅದೂ ಅಲ್ಲದೆ ಹೆಸರು ಹೇಳಿದರೂ ಪ್ರಯೋಜನ ಅಷ್ಟಕ್ಕಷ್ಟೆ, ಕೇರಿಯಲ್ಲಿ ಆ ಹೆಸರಿನವರು ಇವತ್ತಿಗೂ ಒಂಬತ್ತು ಜನ ಇದ್ದಾರೆ. ನಮ್ಮಲ್ಲಿ ಹೆಸರು ಕಡಿಮೆ, ಜನ ಜಾಸ್ತಿ. ಶಾನುಭೋಗರ ಲೇಖಣಿಗೆ ಆ ಇದ್ದ ಹೆಸರೂ ಉದ್ದ ಕಾಣುತ್ತಿತ್ತು. ಮುನಿಯಪ್ಪ ಅಂತ ಹುಟ್ಟಿದವನು ಪುಸ್ತಕದಲ್ಲಿ ಮುನಿಗ, ಮಾರಪ್ಪ ಮಾರಿಗ. 'ಅಪ್ಪ' ಅನ್ನುವುದನ್ನು ಬರೆಯಲು ಎಷ್ಟು ಶಾಯಿ ಬೇಕಿತ್ತೋ ಕಾಣೆವು.

ಮೊದಲು ತೋಟಿ ಅಂದರೆ ಏನು ಅಂತ ಹೇಳಿಬಿಡಬೇಕು. ಇಲ್ಲಿ ಕೂತಿರುವ ಹಿರಿಯರಿಗೆ ಗೊತ್ತು, ಬೆನ್ನಿಗೇ ಗೊತ್ತು. ಆದರೆ ನಮ್ಮ ವಯಸ್ಸಿನವರಲ್ಲಿ ಬಹಳ ಜನಕ್ಕೆ ಅದೊಂದು ಬೈಗುಳ ಅಂತ ಮಾತ್ರ ಗೊತ್ತು. ತೋಟಿ ಊರಿನ ಸೇವಕ. ಚಾವಡಿಗೆ ರೈತರನ್ನು ಕರೆಯುವವನು, ತಮಟೆ ಹೊಡೆದು ಸಾರುವವನು. ಕಂದಾಯದ ಹಣದ ಗಂಟಿನ ಜತೆ ತಾಲ್ಲೂಕು ಖಜಾನೆಗೆ ನಡೆಯುವವನು, ದಾರಿಯಲ್ಲಿ ಕಾವಲು ಕಾಯುವವನು, ಆದರೆ ಆ ಖಜಾನೆಯ ಒಳಗೆ ಕಾಲಿಡದವನು. ಸತ್ತ ದನ ಎಳೆಯುವವನು. ಊರಲ್ಲಿ ಯಾರಾದರೂ ಸತ್ತರೆ ಹೊತ್ತಲ್ಲದ ಹೊತ್ತಿನಲ್ಲಿ ಹತ್ತು ಹಳ್ಳಿ ನಡೆದು ನೆಂಟರಿಗೆ ಸುದ್ದಿ ಮುಟ್ಟಿಸುವವನು. ಇದಕ್ಕೆಲ್ಲ ಕೂಲಿ ಏನು? ಸುಗ್ಗಿಯಲ್ಲಿ ಕಣದ ಬದಿಯಲ್ಲಿ ನಿಂತರೆ ಕೊಟ್ಟಷ್ಟು ಆಯ, ಮತ್ತೆ ಒಂದಷ್ಟು ಇನಾಂತಿ ಜಮೀನು. ನಮ್ಮ ಮುತ್ತಾತನ ಪಾಲಿಗೆ ಕೆರೆ ಹಿಂದೆ 2 ಎಕರೆ 10 ಗುಂಟೆ ಇತ್ತು. ಉಳಲಿಕ್ಕೆ ಪುರುಸೊತ್ತು ಮಾತ್ರ ಇರಲಿಲ್ಲ. ಬಿಟ್ಟಿ ಚಾಕರಿ ಮುಗಿದರೆ ತಾನೆ ಸ್ವಂತ ಬೇಸಾಯ!

ಇದೇ ಮನುಷ್ಯನಿಗೆ ಇನ್ನೊಂದು ಕೆಲಸ ಇತ್ತು. ಅದು ನಿಜಕ್ಕೂ ದೊಡ್ಡದು. ಊರಿನ ಗಡಿ ಗೊತ್ತಿದ್ದದ್ದು ಅವನಿಗೇ. ಕೆಲವು ಕಡೆ ತೋಟಿ ಅಂತಾರೆ, ಕೆಲವು ಕಡೆ ಕುಳವಾಡಿ ಅಂತಾರೆ. 1873ರಲ್ಲಿ ಮೆಕೆಂಜಿ ಅನ್ನುವ ಬ್ರಿಟಿಷ್ ಅಧಿಕಾರಿ ಮೈಸೂರು ಸೀಮೆಯ ಹೊಲೆಯರ ಬಗ್ಗೆ ಬರೆಯುತ್ತಾ ಈ ಸಂಗತಿ ದಾಖಲು ಮಾಡಿದ್ದಾನೆ. ಎರಡು ಊರಿನ ಮಧ್ಯೆ ಗಡಿಜಗಳ ಬಂದರೆ ಕುಳವಾಡಿ ತಲೆಯ ಮೇಲೆ ಊರಿನ ಮಣ್ಣಿನ ಉಂಡೆ ಇಡುತ್ತಿದ್ದರು. ಅವನು ಅದನ್ನು ಹೊತ್ತುಕೊಂಡು ನಡೆದದ್ದೇ ಗಡಿ. ತಪ್ಪಿ ನಡೆದರೆ ಉಂಡೆ ತಾನಾಗಿ ಒಡೆಯುತ್ತದೆ, ಕುಳವಾಡಿ ಸಾಯುತ್ತಾನೆ ಅಂತ ನಂಬಿಕೆ. ನೋಡಿ, ಊರಿನ ಗಡಿ ತೋರಿಸಲು ಹೊಲೆಯನ ತಲೆ ಬೇಕು, ಊರಿನ ಬಾವಿಗೆ ಅವನ ನೆರಳೂ ಬೇಡ. ಆಮೇಲೆ ಸರ್ವೆ ಬಂತು, ಸರಪಳಿ ಬಂತು. 33 ಅಡಿ ಉದ್ದ, 33 ಅಡಿ ಅಗಲ, ಅದು ಒಂದು ಗುಂಟೆ. ಸರಪಳಿಯ ಒಂದು ತುದಿಯಲ್ಲಿ ಸರ್ವೆಯರು, ಮುಳ್ಳಿನೊಳಗೆ ಹೋಗಬೇಕಾದ ಇನ್ನೊಂದು ತುದಿಯಲ್ಲಿ ನಮ್ಮವನು. ಎಲ್ಲರ ಹೊಲದ ಬಾಂದುಕಲ್ಲು ನೆಟ್ಟವನು ನಮ್ಮವನು. ಅವನ ಹೊಲ ಯಾವುದು ಅಂತ ಈಗ ನಾವು ನಾಲ್ಕು ಜನ ಅರ್ಜಿ ಹಿಡಿದು ಕೇಳಬೇಕಾಗಿದೆ.

ಹೇಗೆ ಕಳೆದುಹೋದ ಅನ್ನುವ ವಿಚಾರಕ್ಕೆ ಬರೋಣ.

ನಮ್ಮ ಮನೆಯಲ್ಲಿ ಮುತ್ತಾತ ಅಂತ ಹೇಳುತ್ತಿದ್ದದ್ದು ಬೇರೆಯವನನ್ನು. ಅವನೂ ತೋಟಿ, 1963ರವರೆಗೂ ತೋಟಿ. ವೋಟರ್ ಪಟ್ಟಿಯಲ್ಲಿ, ರೇಷನ್ ಕಾರ್ಡಿನಲ್ಲಿ, ಎಲ್ಲಾ ಕಡೆ ನಮ್ಮ ತಾತ ಅವನ ಮಗ. 'ಇಂಥವ ಬಿನ್ ಇಂಥವ'. ಈ 'ಬಿನ್' ಅನ್ನುವುದು ಎರಡೇ ಅಕ್ಷರ, ಆದರೆ ಜಮೀನಿನ ವಿಚಾರದಲ್ಲಿ ಅದಕ್ಕಿಂತ ದೊಡ್ಡ ಅಕ್ಷರ ಇಲ್ಲ. ನಾವೂ ಅದನ್ನೇ ನಂಬಿ ಬೆಳೆದೆವು. ತಾತ ಸಾಯುವ ಮುಂಚೆ ಒಂದು ತಗಡಿನ ಪೆಟ್ಟಿಗೆ ಕೊಟ್ಟ. ಅದರಲ್ಲಿ 1960ರ ದಶಕದಿಂದ ಅವನು ಹಾಕಿಕೊಂಡು ಬಂದ ಅರ್ಜಿಗಳ ನಕಲು ಇದ್ದವು. ಹೆಬ್ಬೆಟ್ಟಿನ ಅರ್ಜಿ, ಬರೆಸಿದ್ದು ಯಾರೋ ಪೇಟೆಯ ಅರ್ಜಿ ಬರೆಯುವವನ ಕೈಲಿ. ಉತ್ತರ ಬಂದದ್ದು ಒಂದಕ್ಕೆ ಮಾತ್ರ. ಖಾತೆದಾರನೇ ಬೇರೆ, ಅರ್ಜಿದಾರನ ತಂದೆಯೇ ಬೇರೆ, ಆದ್ದರಿಂದ ಅರ್ಜಿದಾರನಿಗೆ ಹಕ್ಕಿಲ್ಲ ಎಂಬ ತಾತ್ಪರ್ಯ.

ಖಾತೆದಾರ ಯಾರು ಹಾಗಾದರೆ? ಆ ಹೆಸರನ್ನು ನಾವು ಮನೆಯಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಕೇಳಿದ್ದು ಸಣ್ಣಜ್ಜಿಯ ಹತ್ತಿರ. ತಾತನ ತಂಗಿ, ಎಂಬತ್ತು ದಾಟಿದೆ, ಕಣ್ಣು ಮಂಜು, ನಾಲಗೆ ಮಾತ್ರ ಹರಿತ. ಹೆಸರು ಹೇಳಿದ ತಕ್ಷಣ, "ಯಾವನ್ಲಾ ನಿಂಗೆ ಆ ಹೆಸ್ರು ಹೇಳ್ದೋನು?" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ ತಾತನ್ನ ಹುಟ್ಸಿದ್ದು ಅವ್ನೇ ಕಣ್ರೋ. ನಮ್ಮಪ್ಪ ಅವ್ನ ತಮ್ಮ" ಅಂದಳು.

ಸಂಗತಿ ಇಷ್ಟು. 1938. ನಮ್ಮ ತಾತ ಹುಟ್ಟಿದ ವಾರ. ಊರಿನ ದೊಡ್ಡ ಮನೆಯಲ್ಲಿ ಒಂದು ಹಸು ಸತ್ತಿದೆ. ಎಳೆಯಲು ಕರೆ ಬಂದಿದೆ. ಮುತ್ತಾತ, ಮನೇಲಿ ಬಾಣಂತಿ ಇದ್ದಾಳೆ, ಇವತ್ತು ಆಗಲ್ಲ ಅಂದಿದ್ದಾನೆ. ಚಾವಡಿಗೆ ಎಳೆಸಿ ಕಂಬಕ್ಕೆ ಕಟ್ಟಿ ಹೊಡೆದಿದ್ದಾರೆ. ಆ ರಾತ್ರಿ ಅವನು ಇಲ್ಲ. ಚಿನ್ನದ ಗಣಿ ದಿಕ್ಕಿಗೆ ಹೋದ ಅಂತ ಮಾತು. ಇದು ಸಣ್ಣಜ್ಜಿ ಹೇಳುವ ಕಥೆ. ಕೇರಿಯ ಇನ್ನೊಂದು ಮನೆಯವರು ಹೇಳುವುದು ಬೇರೆ: ಸಾಲ ಇತ್ತು, ಸಾಲಕ್ಕೆ ಜೀತ ಬರೆಸಿಕೊಳ್ಳುತ್ತಾರೆ ಅಂತ ಓಡಿದ. ಮೂರನೆಯ ಕಥೆಯೂ ಉಂಟು: ಗಣಿಯಲ್ಲಿ ಅವನಿಗೆ ಒಬ್ಬಳು ಇದ್ದಳು. ನಾವು ಮೂರನ್ನೂ ಬರೆದುಕೊಂಡಿದ್ದೇವೆ. ಮೂರೂ ನಿಜ ಇರಬಹುದು, ಒಬ್ಬ ಮನುಷ್ಯನಿಗೆ ಓಡಿಹೋಗಲು ಮೂರು ಕಾರಣ ಇರಬಾರದು ಅಂತ ಎಲ್ಲೂ ಇಲ್ಲ. ಅವನನ್ನು ನಾವು ವೀರ ಅಂತ ಮೆರವಣಿಗೆ ಮಾಡಲು ಹೊರಟಿಲ್ಲ. ಹಸಿ ಬಾಣಂತಿಯನ್ನು ಬಿಟ್ಟು ಹೋದವನು ಅನ್ನುವುದನ್ನು ನಮ್ಮ ಹುಡುಗಿಯರು ಒಪ್ಪಿಕೊಳ್ಳುವುದಿಲ್ಲ, ಒಪ್ಪಿಕೊಳ್ಳಬೇಕಾಗಿಯೂ ಇಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಅವನು ಓಡಿದ್ದಕ್ಕೆ ಹತ್ತು ವರ್ಷ ಮುಂಚೆ, 1928ರಲ್ಲಿ, ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಮಹಾರರ ವತನಿನ ವಿಷಯಕ್ಕೆ ಮಸೂದೆ ತಂದಿದ್ದರು. ಆ ವತನಿಗೆ ಕಟ್ಟುಹಾಕಿದ್ದು 1874ರ ಕಾಯಿದೆ. ಮಹಾರ ವತನು ಅಂದರೆ ಹೆಚ್ಚು ಕಡಿಮೆ ನಮ್ಮ ತೋಟಿ ಇನಾಮು. ತುಂಡು ನೆಲ ಕೊಟ್ಟು ಇಡೀ ಮನೆತನವನ್ನು ಹಗಲೂ ರಾತ್ರಿ ಸರ್ಕಾರದ ಮತ್ತು ಊರಿನ ಆಳಾಗಿ ಕಟ್ಟಿಹಾಕುವ ಉಪಾಯ. ಆ ನೆಲವೇ ಸಂಕೋಲೆ ಅನ್ನುವುದು ಬಾಬಾಸಾಹೇಬರ ವಾದ. ನಮ್ಮ ಮುತ್ತಾತ ಬಾಬಾಸಾಹೇಬರ ಹೆಸರು ಕೇಳಿದ್ದನೋ ಇಲ್ಲವೋ. ಸಂಕೋಲೆ ಅಂತ ಮಾತ್ರ ಅವನ ಕಾಲಿಗೆ ಗೊತ್ತಾಗಿತ್ತು.

ಅವನು ಹೋದ ಮೇಲೆ ತೋಟಿಕೆ ತಮ್ಮನ ತಲೆಗೆ ಬಿತ್ತು. ಮನೆಯಲ್ಲಿ ಒಬ್ಬ ಓಡಿದರೆ ಇನ್ನೊಬ್ಬ ಹೊರಬೇಕು, ಅದೇ ಕಟ್ಟು. ಹೋದವನ ಹೆಸರು ಎತ್ತಿದರೆ ಕೇರಿಗೇ ನೀರು ಬೆಂಕಿ ಇಲ್ಲ ಅಂತ ತಾಕೀತು. ಹಾಗಾಗಿ ಹೆಸರು ಬಾಯಿಂದ ಹೋಯಿತು. ಎರಡು ಮೂರು ವರ್ಷದ ಮೇಲೆ ನಮ್ಮ ಮುತ್ತಜ್ಜಿ ಮೈದುನನ ಕೈಲಿ ಸೀರೆ ಉಡಿಸಿಕೊಂಡಳು. ಕೂಡಿಕೆ ಆಯಿತು. ಸಣ್ಣಜ್ಜಿ ಹುಟ್ಟಿದ್ದು ಆಮೇಲೆ. ನಮ್ಮ ತಾತ ಚಿಕ್ಕಪ್ಪನನ್ನೇ ಅಪ್ಪ ಅಂತ ಕರೆದು ಬೆಳೆದ.

ಇದನ್ನು ಸಭೆಯಲ್ಲಿ ಹೇಳಬೇಡಿ ಅಂತ ನಮ್ಮ ದೊಡ್ಡಪ್ಪ ಒಬ್ಬರು ಬೇಡಿಕೊಂಡರು. ಮೇಷ್ಟರಾಗಿ ರಿಟೈರಾದವರು, ಮರ್ಯಾದೆ ಪ್ರಶ್ನೆ. ನಮಗೆ ಯಾವ ನಾಚಿಕೆಯೂ ಇಲ್ಲ. ಗಂಡ ಹೋದ ಹೆಣ್ಣು ತಲೆ ಬೋಳಿಸಿಕೊಂಡು ಮೂಲೆ ಹಿಡಿಯಬೇಕು ಅನ್ನುವುದು ಅಗ್ರಹಾರದ ಧರ್ಮ. ನಮ್ಮ ಕೇರಿಯ ಧರ್ಮದಲ್ಲಿ ಅವಳಿಗೆ ಇನ್ನೊಂದು ಸೀರೆ ಇತ್ತು, ಮಗುವಿಗೆ ಇನ್ನೊಬ್ಬ ಅಪ್ಪ ಇದ್ದ. ಆ ಚಿಕ್ಕ ಮುತ್ತಾತ ನಮ್ಮ ತಾತನನ್ನು ಬೇರೆ ಮಗ ಅಂತ ಒಂದು ದಿನ ನೋಡಲಿಲ್ಲವಂತೆ. ಆ ಮನುಷ್ಯನ ಹೆಸರು ವಂಶವೃಕ್ಷದಿಂದ ಕಿತ್ತು ಹಾಕಲು ನಮ್ಮ ಕೈ ಏಳುವುದಿಲ್ಲ. ಆದರೆ ಕಾನೂನು ಕೇಳುವುದು ರಕ್ತದ ಅಪ್ಪನನ್ನು. ತೊಡಕು ಇರುವುದೇ ಇಲ್ಲಿ.

ತೊಡಕನ್ನು ಸ್ವಲ್ಪ ಬಿಡಿಸಿ ಹೇಳ್ತೀವಿ, ಇಲ್ಲಿ ಇದೇ ತೊಡಕಿನಲ್ಲಿ ಇರುವವರು ಇನ್ನೂ ಇರಬಹುದು. 1961ರಲ್ಲಿ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಆಯಿತು. ಜಾರಿಗೆ ಬಂದದ್ದು 1963ರ ಫೆಬ್ರವರಿ 1ಕ್ಕೆ. ವಂಶಪಾರಂಪರ್ಯದ ಪಟೇಲಿಕೆ ಹೋಯಿತು, ಶಾನುಭೋಗಿಕೆ ಹೋಯಿತು, ತೋಟಿ ತಳವಾರಿಕೆಯೂ ಹೋಯಿತು. ಹುದ್ದೆಗೆ ಅಂಟಿದ್ದ ಇನಾಂತಿ ಜಮೀನು ಮೊದಲು ಸರ್ಕಾರಕ್ಕೆ ಸೇರಬೇಕು, ಆಮೇಲೆ ಹುದ್ದೆಯಲ್ಲಿದ್ದ ಮನೆತನಕ್ಕೆ ಮರುಮಂಜೂರು ಆಗಬೇಕು. ಮರುಮಂಜೂರು ಮಾಡಿಸಿಕೊಳ್ಳಲು ಅರ್ಜಿ ಬೇಕು, ದುಡ್ಡು ಕಟ್ಟಬೇಕು, ಹಕ್ಕುದಾರ ಅಂತ ರುಜುವಾತು ಬೇಕು. ಪಟೇಲ ಶಾನುಭೋಗರ ಮನೆಗಳಲ್ಲಿ ಕಾಗದ ಇತ್ತು, ಕಾಗದ ಬರೆದವರೇ ಅವರು. ನಮ್ಮ ಮನೆಯಲ್ಲಿ ಏನಿತ್ತು? ತಮಟೆ ಇತ್ತು.

ಜಮೀನಿನ ಪುಸ್ತಕದಲ್ಲಿ 1938ಕ್ಕೆ ಮುಂಚೆ ಬರೆದ ಹೆಸರೇ ಉಳಿದುಬಿಟ್ಟಿತ್ತು, ಓಡಿಹೋದವನ ಹೆಸರು. ಚಿಕ್ಕ ಮುತ್ತಾತ 25 ವರ್ಷ ತೋಟಿಕೆ ಮಾಡಿದರೂ ಯಾರೂ ಖಾತೆ ತಿದ್ದಲಿಲ್ಲ. ಚಾಕರಿ ನಡೆಯುತ್ತಿದ್ದರೆ ಸಾಕು, ಮಾಡುವವನ ಹೆಸರು ಯಾರಿಗೆ ಬೇಕು? 1963 ಬಂದಾಗ ಅಧಿಕಾರಿ ಪುಸ್ತಕ ತೆಗೆದು ಕೇಳಿದ: ಈ ಹೆಸರಿನವನು ಎಲ್ಲಿ? ಇಲ್ಲ. ನೀನು ಯಾರು? ತಮ್ಮ. ಅವನಿಗೆ ಮಕ್ಕಳು? ಇವನು. ಇವನ ತಂದೆ ಹೆಸರು ಪಟ್ಟಿಯಲ್ಲಿ ನಿನ್ನದಿದೆಯಲ್ಲ? ಅಲ್ಲಿಗೆ ಮುಗಿಯಿತು. ಜಮೀನು ಸರ್ಕಾರದ ಹೆಸರಿಗೆ ಹೋಗಿ ಅಲ್ಲೇ ಕೂತಿತು. ಉಳುವವರು ಬೇರೆಯವರಾದರು. ಆಮೇಲೆ ಊರಿನ ಒಂದು ಹಳೇ ಮನೆತನ ಬಗರ್ ಹುಕುಂ ಅಂತ ಅರ್ಜಿ ಹಾಕಿತು. ಭೂಮಿ ಇಲ್ಲದವರಿಗೆ ಅಂತ ಮಾಡಿದ ಫಾರಂ ಅದು, ತುಂಬಿದ್ದು ಮೂರು ಬಾವಿ ಇದ್ದ ಮನೆ. ಈಗ ಆ ಕಡೆ ರಸ್ತೆ ಅಗಲ ಆಗಿದೆ, ಎಕರೆಗೆ ಕೋಟಿ ಮಾತು.

ನಮ್ಮವರು ಕೆಲವರು ಕೇಳಿದರು, ಪಿಟಿಸಿಎಲ್ ಕಾಯಿದೆ ಇಲ್ಲವೇ ಅಂತ. ಇದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆ ಆಗಿದ್ದರೆ ವಾಪಸ್ ಕೊಡಿಸುವ 1978ರ ಕಾಯಿದೆ, ನಮ್ಮ ಚಳವಳಿಗೆ ದೊಡ್ಡ ಆಯುಧ. 2017ರಲ್ಲಿ ಸುಪ್ರೀಂ ಕೋರ್ಟು, ತಡವಾಗಿ ಬಂದ ಅರ್ಜಿ ನಡೆಯಲ್ಲ, ಸಕಾಲದಲ್ಲಿ ಬರಬೇಕು ಅಂದಿತು. ಅದಕ್ಕೆ 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಮಾಡಿಸಿಕೊಂಡದ್ದು ಬೀದಿಯಲ್ಲಿ ಕೂತ ನಮ್ಮ ಜನ. ಎಲ್ಲಾ ಸರಿ. ಆದರೆ ಆ ಕಾಯಿದೆಯಲ್ಲಿ 'ಮಂಜೂರಾದ ಜಮೀನು' ಅಂದರೆ ಯಾವುದು ಅಂತ ಹೇಳುವ ಸಾಲನ್ನು ಒಮ್ಮೆ ನಿಧಾನವಾಗಿ ಓದಿ. ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ್ದನ್ನು ಅಲ್ಲೇ ಹೊರಗಿಟ್ಟಿದೆ. ಅಂದರೆ ತೋಟಿಯ ಜಮೀನು ಅದರೊಳಗೆ ಬರುವುದಿಲ್ಲ. ಊರಿನ ಹೊರಗೆ ಇದ್ದವನನ್ನು ಕಾಯಿದೆಯೂ ಹೊರಗೇ ನಿಲ್ಲಿಸಿತು. ಅದೇ 1978ರಲ್ಲಿ ಹುದ್ದೆ ರದ್ದಿಯಾತಿ ಕಾಯಿದೆಗೂ ತಿದ್ದುಪಡಿ ಆಗಿ, ಮರುಮಂಜೂರಾದ ಜಮೀನನ್ನು 15 ವರ್ಷ ಮಾರಬಾರದು ಅಂತ ಬಂತು. ಮರುಮಂಜೂರೇ ಆಗದವನಿಗೆ ಅದರಿಂದ ಏನು? ನಮಗೆ ಇರುವುದು ಒಂದೇ ಬಾಗಿಲು: ಪುಸ್ತಕದಲ್ಲಿರುವ ಹೆಸರಿನವನೇ ನಮ್ಮ ತಾತನ ತಂದೆ ಅಂತ ತೋರಿಸಬೇಕು.

ತೋರಿಸುವುದು ಹೇಗೆ? ಬೇರೆಯವರು ಹೇಗೆ ತೋರಿಸುತ್ತಾರೆ? ನಮ್ಮೂರಿಗೆ ವರ್ಷ ಎರಡು ವರ್ಷಕ್ಕೊಮ್ಮೆ ಹೆಳವರು ಬರುತ್ತಿದ್ದರು. ಒಕ್ಕಲು ಮನೆಗಳ ಜಗಲಿಯಲ್ಲಿ ಕೂತು, ನಿಮ್ಮ ಮೂಲ ಇಂಥ ಊರು, ಅಲ್ಲಿಂದ ಇಂಥವನು ಬಂದ, ಅವನಿಗೆ ಇಷ್ಟು ಮಕ್ಕಳು ಅಂತ ಏಳೆಂಟು ತಲೆಮಾರು ಹೇಳಿ ಕಾಳು ಕಡ್ಡಿ ಈಸಿಕೊಂಡು ಹೋಗುತ್ತಿದ್ದರು. ಅವರೂ ಬಡವರೇ, ಅವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ನಮ್ಮ ಕೇರಿಗೆ ಅವರ ಎತ್ತು ತಿರುಗಲಿಲ್ಲ. ನಮ್ಮ ಮನೆಗಳಲ್ಲಿ ಯಾರನ್ನು ಕೇಳಿದರೂ ಮೂರು ತಲೆಮಾರು, ಗಟ್ಟಿಯಾದರೆ ನಾಲ್ಕು. ಅಲ್ಲಿಂದಾಚೆ ಧಾತು ಈಶ್ವರ ಸಂವತ್ಸರದ ಬರ, 1876ರಿಂದ 78. ಅದರಾಚೆ ಕತ್ತಲೆ. ಮೈಸೂರು ಸೀಮೆಯಲ್ಲಿ 1871ರ ಎಣಿಕೆಗೆ 50 ಲಕ್ಷ ಮೀರಿದ್ದ ಜನ 1881ಕ್ಕೆ 42 ಲಕ್ಷಕ್ಕೆ ಇಳಿದಿದ್ದರು. ಕಾಳಿನ ಹಗೇವು ಇದ್ದವನು ಎಷ್ಟು ಸತ್ತ, ಕಣದ ಬದಿಯಲ್ಲಿ ನಿಂತು ಆಯ ಕೇಳುವವನು ಎಷ್ಟು ಸತ್ತ ಅಂತ ಊಹಿಸಲು ಚರಿತ್ರೆಯಲ್ಲಿ ಎಂ.ಎ. ಮಾಡಬೇಕಿಲ್ಲ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ದಕ್ಷಿಣ ಆಫ್ರಿಕದ ನೇಟಾಲಿನ ಕಬ್ಬಿನ ತೋಟಗಳಿಗೆ 1860ರಿಂದ 1911ರವರೆಗೆ ಒಂದೂವರೆ ಲಕ್ಷ ಕೂಲಿಗಳನ್ನು ಹಡಗಿನಲ್ಲಿ ಸಾಗಿಸಿದರು, ಬಹಳ ಜನ ಮದ್ರಾಸಿನಿಂದ ಹೋದವರು, ಅವರಲ್ಲಿ ಮೈಸೂರು ಸೀಮೆಯವರೂ ಇದ್ದರು. ಆ ಹಡಗಿನ ಪಟ್ಟಿಗಳು ಇವತ್ತಿಗೂ ಇವೆ. ಹೆಸರು, ತಂದೆ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಹಳ್ಳಿ, ಮೈಮೇಲಿನ ಮಚ್ಚೆ ಗಾಯದ ಗುರುತು ಸಮೇತ ಬರೆದಿದ್ದಾರೆ. ಪ್ರೀತಿಯಿಂದ ಅಲ್ಲ, ಸರಕು ಕಳೆದುಹೋಗಬಾರದು ಅಂತ. ಆ ಕೂಲಿಗಳ ಮರಿಮಕ್ಕಳು ಇವತ್ತು ಡರ್ಬಾನಿನಲ್ಲಿ ಕೂತು ತಮ್ಮ ಹಳ್ಳಿಯ ಹೆಸರು ಹುಡುಕಬಲ್ಲರು. ಹುಟ್ಟಿದ ಹಳ್ಳಿಯಲ್ಲೇ ಉಳಿದ ನಾವು ಹುಡುಕಲಾರೆವು. ಮಾರಿಕೊಂಡವನ ಮಗುವಿಗೆ ಇರುವ ರಸೀದಿ ಬಿಟ್ಟಿ ದುಡಿದವನ ಮಗುವಿಗೆ ಇಲ್ಲ.

ಗಣಿಗೆ ಎರಡು ಸಲ ಹೋಗಿ ಬಂದೆವು. 2001ರ ಫೆಬ್ರವರಿಯಲ್ಲಿ ಮುಚ್ಚಿದ ಗಣಿ. ಲೈನು ಮನೆಗಳು, ಬೂದು ಬಣ್ಣದ ಸೈನೈಡ್ ದಿಬ್ಬಗಳು, ಅದರ ಧೂಳು ಉಸಿರಾಡುತ್ತಾ ಬೆಳಗ್ಗೆ ರೈಲಿಗೆ ಓಡುವ ನಮ್ಮದೇ ಮುಖಗಳು. ಮಾರಿಕುಪ್ಪಂನಲ್ಲಿ ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ 20ನೇ ಶತಮಾನದ ಮೊದಲ ದಶಕದಲ್ಲೇ ಇತ್ತು. ಊರಲ್ಲಿ ನಾವು ಹಸು ಎಳೆಯುತ್ತಿದ್ದಾಗ ಅಲ್ಲಿ ನಮ್ಮವರು ಬುದ್ಧನ ಮಾತು ಓದುತ್ತಿದ್ದರು. ಈ ವಿಷಯ ನಮಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಒಬ್ಬ ಹಳೇ ಗಣಿ ಕೆಲಸಗಾರರು ಚಹಾ ಕುಡಿಸಿ ಬುದ್ಧಿ ಹೇಳಿದರು: "ಹಳ್ಳಿ ಬಿಟ್ಟು ಓಡಿ ಬಂದೋನು ನಿಜವಾದ ಹೆಸರು ಹೇಳ್ತಾನೇನಪ್ಪಾ? ಹೇಳಿದ್ರೆ ಹಿಂದೇನೇ ಬಂದು ಹಿಡ್ಕೊಂಡು ಹೋಗಲ್ವಾ? ಮೇಸ್ತ್ರಿ ಕೆಳಗೆ ಸೇರ್ಕೊಂಡ್ರೆ ಕಂಪನಿ ಪುಸ್ತಕದಲ್ಲಿ ಹೆಸ್ರೇ ಇರಲ್ಲ." 1930ರಲ್ಲಿ ಗಣಿ ಕಾರ್ಮಿಕರು ಬೆರಳಚ್ಚು ಕೊಡುವುದಿಲ್ಲ ಅಂತಲೇ ಮುಷ್ಕರ ಹೂಡಿದ್ದರು ಅನ್ನುವುದು ಆಗ ನೆನಪಾಯಿತು. ಸಾವಿರಾರು ಜನ ಭೂಮಿಯೊಳಕ್ಕೆ ಇಳಿಯಲಿಲ್ಲ. ಬೆರಳು ಒತ್ತಿಸಿಕೊಳ್ಳುವುದು ಕಳ್ಳರಿಗೆ, ನಾವು ಕಳ್ಳರಲ್ಲ ಅಂದರು.

ಆ ದಿನ ರೈಲಿನಲ್ಲಿ ಬರುತ್ತಾ ನಾವು ನಾಲ್ಕು ಜನ ಬಹಳ ಜಗಳ ಆಡಿದೆವು. ಒಬ್ಬಳು ಕೇಳಿದಳು, ದಾಖಲೆಯಿಂದ ತಪ್ಪಿಸಿಕೊಳ್ಳಬೇಕು ಅಂತಲೇ ಹೋದವನನ್ನು ನಾವು ಮತ್ತೆ ಹಿಡಿದು ತಂದು ಅದೇ ಪುಸ್ತಕದಲ್ಲಿ ನಿಲ್ಲಿಸುವುದು ಸರಿಯಾ ಅಂತ. ತೋಟಿ ಅಂತ ಅನ್ನಿಸಿಕೊಳ್ಳಲಾರದೆ ಹೋದ. ನಾವು ಅರ್ಜಿಯಲ್ಲಿ ಮೊದಲ ಸಾಲಿನಲ್ಲೇ ಬರೆಯಬೇಕು, 'ಸದರಿ ಗ್ರಾಮದ ತೋಟಿಯಾಗಿದ್ದ' ಅಂತ. ಇದು ಬರೀ ನಮ್ಮ ಮನೆಯ ಪ್ರಶ್ನೆ ಅಲ್ಲ. 1920ರ ದಶಕದಲ್ಲಿ ಮೈಸೂರು ಸರ್ಕಾರದ ಪುಸ್ತಕದಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನುವ ಹೆಸರು ಬಂದಾಗ ನಮ್ಮ ಹಿರಿಯರು ಅದನ್ನು ಹೊದ್ದುಕೊಂಡದ್ದು ಹಳೇ ಹೆಸರಿನ ಉಗುಳು ಒರೆಸಿಕೊಳ್ಳಲು. 2025ರಲ್ಲಿ ಒಳಮೀಸಲಾತಿಗೆ ಅಂತ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆ ಬಂದು, ಎಕೆ ಎಡಿ ಸಾಲದು, ಮೂಲ ಜಾತಿ ಹೇಳಿ ಅಂತ ಕೇಳಿದಾಗ ಎಷ್ಟು ಮನೆಗಳಲ್ಲಿ ಮಕ್ಕಳು ಅಪ್ಪನ ಮುಖ ನೋಡಿದರು! ಪಾಲು ಬೇಕಾದರೆ ಬಿಟ್ಟು ಬಂದ ಹೆಸರಿಗೇ ಹೋಗಿ ಸಹಿ ಹಾಕಬೇಕು. ಸಮೀಕ್ಷೆ ತಪ್ಪು ಅಂತ ನಾವು ಹೇಳುತ್ತಿಲ್ಲ. ಪಾಲು ಬೇಕು, ಕೇಳಲೇಬೇಕು. ಆದರೆ ಆ ಸಹಿ ಹಾಕುವಾಗ ಕೈಗೆ ಆಗುವ ನೋವು ಸಮೀಕ್ಷೆಯ ಯಾವ ಕಾಲಮಿನಲ್ಲೂ ಇಲ್ಲ. ರೈಲಿನ ಜಗಳ ಇನ್ನೂ ಮುಗಿದಿಲ್ಲ. ನಾವು ಅರ್ಜಿ ಹಾಕಿದ್ದೇವೆ, ಜಗಳ ಆಡುತ್ತಲೇ ಹಾಕಿದ್ದೇವೆ.

ಇನ್ನು ಸಿಕ್ಕಿದ್ದು ಏನು ಅಂತ ಹೇಳಿ ಮುಗಿಸ್ತೀವಿ.

ತಾಲ್ಲೂಕು ಕಚೇರಿಯಲ್ಲಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಇಲ್ಲ ಅನ್ನಿಸಿಕೊಂಡು, ಮೇಲ್ಮನವಿ ಹಾಕಿ, ಏಳು ತಿಂಗಳಿಗೆ ನಮ್ಮೂರಿನ ಹಳೇ ಜನನ ಮರಣದ ಪುಸ್ತಕ ಕಣ್ಣಿಗೆ ಬಿತ್ತು. ಗೆದ್ದಲು ಅರ್ಧ ಓದಿ ಬಿಟ್ಟಿತ್ತು. ಊರಲ್ಲಿ ಹುಟ್ಟು ಸಾವು ಆದರೆ ಪಟೇಲರಿಗೆ ಬಂದು ಹೇಳಬೇಕಾದವನೂ ತೋಟಿಯೇ. 1938ರ ಪುಟದಲ್ಲಿ ಒಂದು ಸಾಲು. ಮಗುವಿನ ತಂದೆ ಅನ್ನುವ ಕಡೆ ಬೇರೆಲ್ಲ ಸಾಲಿನಲ್ಲೂ ಹೆಸರಿದೆ, ನಮ್ಮ ಸಾಲಿನಲ್ಲಿ ಬರೆದಿರುವುದು ಇಷ್ಟೆ: 'ತೋಟಿಗೆ ಒಂದು ಗಂಡು'. ತಿಳಿಸಿದವರು ಅನ್ನುವ ಕಡೆಯೂ 'ತೋಟಿ'.

ದನದ ಲೆಕ್ಕ ಬರೆದ ಹಾಗೆ ಇದೆಯಲ್ಲ ಅಂತ ಮೊದಲು ಮೈ ಉರಿಯಿತು. ಆಮೇಲೆ ಕೂತು ಯೋಚಿಸಿದೆವು. ಈ ಸಾಲೇ ನಮ್ಮ ರುಜುವಾತು. ಆ ವರ್ಷ ತೋಟಿ ಯಾರು? ಇನಾಂ ಜಮೀನಿನ ಪುಸ್ತಕದಲ್ಲಿ ಹೆಸರಿದೆ, ಅದು ಓಡಿಹೋದವನ ಹೆಸರು. ಒಂದು ಪುಸ್ತಕ ಮಗುವಿನ ತಂದೆ ತೋಟಿ ಅನ್ನುತ್ತದೆ, ಇನ್ನೊಂದು ಪುಸ್ತಕ ತೋಟಿ ಅಂದರೆ ಇಂಥವನು ಅನ್ನುತ್ತದೆ. ಎರಡನ್ನೂ ಬರೆದದ್ದು ಅವರೇ. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದವರು ಮಾತ್ರ ಇಷ್ಟು ವರ್ಷ ಯಾರೂ ಇರಲಿಲ್ಲ.

ಕಚೇರಿಯವರು ಸುಮ್ಮನೆ ಒಪ್ಪುತ್ತಾರಾ? ವಿಚಾರಣೆಯಲ್ಲಿ ಹೇಳಿದರು: ಬರೆಸಿದ ದಿನ ಬಂದು ತಿಳಿಸಿದವನೂ ತೋಟಿ ಅಂತಿದೆ. ಅಷ್ಟು ಹೊತ್ತಿಗೆ ಅಣ್ಣ ಊರು ಬಿಟ್ಟಿದ್ದರೆ ತಿಳಿಸಿದವನು ತಮ್ಮ. ಹಾಗಾದರೆ ಮಗುವಿನ ತಂದೆಯಾದ ತೋಟಿಯೂ ತಮ್ಮನೇ ಯಾಕಾಗಬಾರದು? ಬುದ್ಧಿವಂತ ಪ್ರಶ್ನೆ. ಇದಕ್ಕೆ ಜತೆಗೆ ಇನ್ನೊಂದು ತಕರಾರು: ನಮ್ಮ ತಾತನ ಆಧಾರ್ ಕಾರ್ಡಿನಲ್ಲಿ ಹುಟ್ಟಿದ್ದು 1945ರ ಜನವರಿ 1. ಕಾರ್ಡು ಮಾಡುವವರಿಗೆ ನಮ್ಮ ಹಿರಿಯರೆಲ್ಲ ಜನವರಿ 1ಕ್ಕೇ ಹುಟ್ಟಿದವರು, ಅಷ್ಟೊಂದು ಹೆರಿಗೆ ಒಂದೇ ದಿನ ಹೇಗೆ ಆಯಿತೋ!

ಹಾಗಾಗಿ ಉಳಿದಿರುವುದು ಬಾಯಿ ಸಾಕ್ಷಿ. ಸಣ್ಣಜ್ಜಿ ಹೇಳಿಕೆ ಕೊಡಲು ಒಪ್ಪಿದ್ದಾಳೆ. ತನ್ನ ತಾಯಿಯ ಕೂಡಿಕೆ ವಿಚಾರ ಸಾಹೇಬರ ಮುಂದೆ ಹೇಳ್ತೀನಿ ಅಂದಿದ್ದಾಳೆ. "ನಮ್ಮವ್ವ ಕಳ್ತನ ಮಾಡಿಲ್ಲ, ಹೇಳಾಕೆ ಯಾಕೆ ಅಂಜ್ಕೆ" ಅಂದಳು. ಅವಳು ಹೇಳಿದ ಇನ್ನೊಂದು ವಿಷಯ ಉಂಟು, ಅದು ಯಾವ ಕಚೇರಿಯಲ್ಲೂ ನಡೆಯದ ಸಾಕ್ಷಿ, ಆದರೂ ಹೇಳ್ತೀವಿ. ಪಿತೃಪಕ್ಷದ ಅಮಾಸೆಯಲ್ಲಿ ಮುತ್ತಜ್ಜಿ ಸತ್ತವರಿಗೆಲ್ಲ ಒಳಗೆ ಎಡೆ ಇಡುತ್ತಿದ್ದಳು. ಒಂದು ಎಲೆ ಮಾತ್ರ ಹೊಸ್ತಿಲ ಆಚೆ. ಬಾಡು, ಮುದ್ದೆ, ಒಂದು ಕಟ್ಟು ಬೀಡಿ. ಸತ್ತನೋ ಬದುಕಿದನೋ ಗೊತ್ತಿಲ್ಲದವನಿಗೆ ಒಳಗೆ ಇಡುವ ಹಾಗಿಲ್ಲವಂತೆ. ಯಾರಿಗೆ ಅಂತ ಮಕ್ಕಳು ಕೇಳಿದರೆ, "ದಾರಿಹೋಕರಿಗೆ" ಅನ್ನುತ್ತಿದ್ದಳಂತೆ. ಚಿಕ್ಕ ಮುತ್ತಾತ ಅದನ್ನು ನೋಡಿಯೂ ನೋಡದವನ ಹಾಗೆ ತಾನೇ ಬೀಡಿ ತಂದು ಕೊಡುತ್ತಿದ್ದ.

ಮುತ್ತಜ್ಜಿಯ ಹೆಸರು ಒಂದು ಪುಸ್ತಕದಲ್ಲೂ ನಮಗೆ ಸಿಕ್ಕಿಲ್ಲ. ಅಣ್ಣನಿಗೆ 'ಕೋಂ' ಅಂತಲೂ ಇಲ್ಲ, ತಮ್ಮನಿಗೆ 'ಕೋಂ' ಅಂತಲೂ ಇಲ್ಲ. ನಾವು ಹಾಕಿದ ವಂಶವೃಕ್ಷದಲ್ಲಿ ಅವಳನ್ನು ಮಧ್ಯಕ್ಕೆ ಬರೆದು ಆ ಕಡೆ ಒಬ್ಬನನ್ನು, ಈ ಕಡೆ ಒಬ್ಬನನ್ನು ಬರೆದಿದ್ದೇವೆ. ಇಂಥ ವಂಶವೃಕ್ಷದ ನಮೂನೆ ಇಲ್ಲ ಅಂತ ಒಂದು ಸಲ ವಾಪಸ್ ಕಳಿಸಿದರು. ಎರಡನೇ ಸಲವೂ ಹಾಗೇ ಬರೆದು ಕೊಟ್ಟೆವು, ಇಟ್ಟುಕೊಂಡಿದ್ದಾರೆ.

ಮುಂದಿನ ವಿಚಾರಣೆಗೆ ಕೇರಿಯಿಂದ ಇನ್ನಿಬ್ಬರು ಹಿರಿಯರು ಬರಲು ಒಪ್ಪಿದ್ದಾರೆ, ಒಬ್ಬರಿಗೆ ನಡೆಯಲು ಆಗಲ್ಲ, ಆಟೋ ಮಾಡಬೇಕು. ಜತೆಗೆ ಬರುವವರು ಬನ್ನಿ, ಹತ್ತು ಮುಖ ಕಂಡರೆ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ. ನಿಮ್ಮ ಮನೆಗಳಲ್ಲೂ ತೋಟಿ, ತಳವಾರ, ನೀರಗಂಟಿ ಇನಾಂತಿ ಇದ್ದು ಮರುಮಂಜೂರು ಆಗದೆ ಉಳಿದಿದ್ದರೆ, ಮೊದಲು ಎರಡು ಪುಸ್ತಕ ಕೇಳಿ: ಹಳೇ ಇನಾಂ ಜಮೀನಿನದು ಒಂದು, ಜನನ ಮರಣದ್ದು ಒಂದು. ಒಂದನ್ನೇ ನೋಡಿ ವಾಪಸ್ ಬರಬೇಡಿ. ಗಣಿ ಕಡೆ ನೆಂಟರಿರುವವರು, ಆ ಕಾಲದಲ್ಲಿ ಕನ್ನಡದ ಹಳ್ಳಿಗಳಿಂದ ಹೋಗಿ ಬೇರೆ ಹೆಸರಿನಲ್ಲಿ ಬಾಳಿದವರ ವಿಚಾರ ಏನಾದರೂ ಕೇಳಿದ್ದರೆ ನಮಗೆ ಹೇಳಿ. ಎಡಗಾಲಿನ ಕಿರುಬೆರಳು ಇರಲಿಲ್ಲ, ಸರ್ವೆ ಕಲ್ಲು ಬಿದ್ದು ಹೋಗಿತ್ತು ಅಂತ ಸಣ್ಣಜ್ಜಿ ಹೇಳುತ್ತಾಳೆ. ಊಟ ಆದ ಮೇಲೆ ನಾವು ಆ ಹುಣಸೆ ಮರದ ಕೆಳಗೆ ಕೂತಿರ್ತೀವಿ. ನೋಟ್ ಬುಕ್ ತಂದಿದ್ದೇವೆ. ಮನೆಯ ಹಿರಿಯರು ಹೇಳಿದ ಹೆಸರು ಗೊತ್ತಿದ್ದಷ್ಟು ಬರೆಸಿ ಹೋಗಿ, ಹೆಂಗಸರ ಹೆಸರು ಮೊದಲು ಬರೆಸಿ.

ಜೈ ಭೀಮ್.